ತಡೆಯಾಜ್ಞೆಯ ಚರಿತ್ರೆ: ಶೀರೂರು ಮಠದಿಂದ ಕಾವೇರಿಯವರೆಗೆ

‘ಕೋರ್ಟಿನಿಂದ ಸ್ಟೇ ತಂದಿದ್ದಾರೆ’ ಎಂಬ ಮಾತು ಇಂದು ಹಳ್ಳಿಯ ಜಗಲಿಯ ಮೇಲೆಯೂ ಕೇಳಿಬರುತ್ತದೆ. ಬೇಲಿ ಹಾಕುವವನ ಕೈ ಹಿಡಿದರೂ ಸ್ಟೇ. ಕೆಳಗಿನ ಕೋರ್ಟಿನ ಡಿಕ್ರಿ ಜಾರಿಯಾಗದಂತೆ ಮೇಲಿನ ಕೋರ್ಟು ನಿಲ್ಲಿಸಿದರೂ ಸ್ಟೇ. ಸರಕಾರದ ಹುಕುಮನ್ನು ಅಮಾನತಿನಲ್ಲಿಟ್ಟರೂ ಅದೇ ಹೆಸರು. ನ್ಯಾಯಶಾಸ್ತ್ರಕ್ಕೆ ಇವು ಒಂದೇ ಅಲ್ಲ. ಯಾರನ್ನು ತಡೆಯುವುದು, ಯಾವ ಕಾರ್ಯದಿಂದ ತಡೆಯುವುದು, ಎಲ್ಲಿಯವರೆಗೆ ತಡೆಯುವುದು ಎಂಬ ಮೂರು ಪ್ರಶ್ನೆಗಳಿಗೆ ಕೊಡುವ ಉತ್ತರದ ಮೇಲೆ ಆಜ್ಞೆಯ ಜಾತಿ ನಿರ್ಣಯವಾಗುತ್ತದೆ. ಇವುಗಳಲ್ಲಿ ಮೊದಲಿನ ಎರಡನ್ನು ಕುರಿತು ವಕೀಲರು ಬೇಕಾದಷ್ಟು ವಾದಿಸಿದ್ದಾರೆ. ಚರಿತ್ರೆಯಲ್ಲಿ ಹೆಚ್ಚಿನ ಪರಿಣಾಮ ಉಂಟುಮಾಡಿರುವುದು ಮೂರನೆಯದು. ಮದರಾಸಿನ ನ್ಯಾಯಾಸ್ಥಾನಕ್ಕೂ ಕನ್ನಡ ಜನಕ್ಕೂ ಇದ್ದ ಸಂಬಂಧದಿಂದ ಆಯ್ದ ಕೆಲವು ವ್ಯವಹಾರಗಳನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ತಡೆಯಾಜ್ಞೆಯೆಂಬುದು ಇಂಗ್ಲಿಷರೊಡನೆ ಹಡಗಿನಲ್ಲಿ ಬಂದಿಳಿದ ವಸ್ತುವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಅದರ ಈಗಿನ ರೂಪದ ಮಟ್ಟಿಗೆ ಇದು ನಿಜ. ಆದರೆ ತತ್ತ್ವವು ಈ ನೆಲಕ್ಕೆ ಹೊಸದಲ್ಲ. ನಾರದಸ್ಮೃತಿಯು ‘ಆಸೇಧ’ವೆಂಬ ರಾಜಾಜ್ಞೆಯ ತಡೆಯನ್ನು ಹೇಳಿ, ಅದನ್ನು ಸ್ಥಾನ, ಕಾಲ, ಪ್ರವಾಸ, ಕರ್ಮ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಇಂಥ ಸ್ಥಳವನ್ನು ಬಿಟ್ಟು ಕದಲಕೂಡದು, ಇಷ್ಟು ಕಾಲದವರೆಗೆ ಹೋಗಕೂಡದು, ಪ್ರಯಾಣ ಹೊರಡಕೂಡದು, ಇಂಥ ಕೆಲಸವನ್ನು ಮಾಡಕೂಡದು ಎಂಬುವೇ ಆ ನಾಲ್ಕು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬಾಳಿದ ವಿಜ್ಞಾನೇಶ್ವರನು ಮಿತಾಕ್ಷರೆಯ ವ್ಯವಹಾರ ಭಾಗದಲ್ಲಿ ಈ ವಿಷಯವನ್ನು ಎತ್ತಿಕೊಂಡಿದ್ದಾನೆ. ಆಸೇಧದ ಮುಖ್ಯ ಉದ್ದೇಶ ಪ್ರತಿವಾದಿಯು ವಿಚಾರಣೆಗೆ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವುದಾಗಿದ್ದುದರಿಂದ ಅದನ್ನು ಇಂದಿನ ಇಂಜಂಕ್ಷನ್ನಿಗೆ ಸಮನೆಂದು ಹೇಳುವುದು ಅತಿಯಾದೀತು. ನಾಲ್ಕನೆಯದಾದ ಕರ್ಮಾಸೇಧವು ಮಾತ್ರ ಅದಕ್ಕೆ ಬಹಳ ಹತ್ತಿರದ್ದು. ಇನ್ನೂ ಗಮನಾರ್ಹವಾದುದು ಎರಡು ನಿಯಮಗಳು. ಸಲ್ಲುವ ಆಸೇಧವನ್ನು ಮೀರಿದವನಿಗೆ ದಂಡವಿರುವಂತೆಯೇ ಸಲ್ಲದ ಆಸೇಧವನ್ನು ಹಾಕಿಸಿದವನಿಗೂ ದಂಡವಿತ್ತು. ನದಿ ದಾಟುತ್ತಿರುವವನು, ರೋಗಿ, ಮದುವೆಗೆ ಹೊರಟವನು, ಬಿತ್ತನೆಯಲ್ಲಿ ತೊಡಗಿದ ಒಕ್ಕಲಿಗ ಮೊದಲಾದವರನ್ನು ಆ ಹೊತ್ತಿನಲ್ಲಿ ತಡೆಯಕೂಡದೆಂಬ ನಿಯಮವೂ ಇತ್ತು. ತಡೆಗೂ ಒಂದು ಋತುವುಂಟೆಂಬ ಈ ಅರಿವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಬಿತ್ತನೆಯ ಒಕ್ಕಲಿಗನು ಮುಂದೆ ಮತ್ತೆ ಬರುತ್ತಾನೆ.

ಇಂಗ್ಲೆಂಡಿನಲ್ಲಿ ಸಾಮಾನ್ಯ ನ್ಯಾಯದ ಕೋರ್ಟುಗಳು ಆದ ನಷ್ಟಕ್ಕೆ ಹಣ ಕೊಡಿಸಬಲ್ಲವಾಗಿದ್ದುವೇ ಹೊರತು ಆಗಲಿರುವ ನಷ್ಟವನ್ನು ತಡೆಯಬಲ್ಲವಾಗಿರಲಿಲ್ಲ. ಆ ಕೊರತೆಯನ್ನು ತುಂಬಿದುದು ಚಾನ್ಸೆರಿ ಕೋರ್ಟು. ಅದು ವ್ಯಕ್ತಿಯ ಅಂತಃಕರಣಕ್ಕೆ ಆಜ್ಞೆ ಮಾಡುತ್ತಿತ್ತು. ಮೀರಿದವನು ಸೆರೆಮನೆಗೆ ಹೋಗುತ್ತಿದ್ದನು. ಸಾಮಾನ್ಯ ನ್ಯಾಯದ ಕೋರ್ಟಿನಲ್ಲಿ ಗೆದ್ದವನನ್ನು ಸಹ ಆ ತೀರ್ಪಿನ ಫಲವನ್ನು ಪಡೆಯದಂತೆ ತಡೆಯಬಹುದೆಂದು ಚಾನ್ಸೆರಿಯು ಹೇಳಿದಾಗ ಎರಡು ನ್ಯಾಯಾಸ್ಥಾನಗಳಿಗೂ ಜಗಳ ಹತ್ತಿ, 1616ರಲ್ಲಿ ದೊರೆ ಮೊದಲನೆಯ ಜೇಮ್ಸನು ಚಾನ್ಸೆರಿಯ ಪಕ್ಷವಾಗಿ ತೀರ್ಮಾನ ಕೊಟ್ಟನು. ಈ ಅಧಿಕಾರವು 1801ರಲ್ಲಿ ಸ್ಥಾಪಿತವಾದ ಮದರಾಸಿನ ಸುಪ್ರೀಂ ಕೋರ್ಟಿಗೂ, ಅದರ ಮೂಲಕ 1862ರಲ್ಲಿ ಆರಂಭವಾದ ಹೈಕೋರ್ಟಿಗೂ ಇಳಿದು ಬಂದಿತು. ಆದರೆ ಅದು ಮದರಾಸು ಪಟ್ಟಣದ ಎಲ್ಲೆಗೆ ಮೀಸಲಾದ ಅಧಿಕಾರ. ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿಗಳಂಥ ಹೊರಜಿಲ್ಲೆಗಳಲ್ಲಿ ಮುನ್ಸೀಫರೂ ಸಬ್‌ಜಡ್ಜಿಗಳೂ ಬರೆದ ಶಾಸನದಲ್ಲಿದ್ದಷ್ಟನ್ನೇ ನೆಚ್ಚಿಕೊಂಡಿರಬೇಕಾಗಿತ್ತು. ಒಂದೇ ಪ್ರಾಂತದಲ್ಲಿ ಎರಡು ಬಗೆಯ ಪ್ರಜೆಗಳಿದ್ದರೆಂದರೆ ಸಲ್ಲುತ್ತದೆ. ಪಾರಿಸ್ ಕಾರ್ನರಿನ ಬಳಿ 1892ರಲ್ಲಿ ತೆರೆಯಲಾದ ಆ ಕೆಂಪು ಕಟ್ಟಡದ ಗುಮ್ಮಟಗಳನ್ನು ದಿನವೂ ನೋಡುವ ಚೆನ್ನೈ ಕನ್ನಡಿಗರಿಗೆ ಈ ಭೇದ ಹೊಳೆಯದಿರುವುದು ಸಹಜ.

ಶಾಸನದಲ್ಲಿದ್ದುದೇನು? 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ತಾತ್ಕಾಲಿಕ ತಡೆಗೆ ಅವಕಾಶವಿತ್ತು. 1908ರ ಸಂಹಿತೆಯ 39ನೆಯ ಆರ್ಡರು ಅದನ್ನು ವಿವರಿಸಿತು. ಶಾಶ್ವತ ತಡೆಯನ್ನು 1877ರ ನಿರ್ದಿಷ್ಟ ಪರಿಹಾರ ಶಾಸನವು ಹೇಳಿತು. ಅದರ ಸ್ಥಾನದಲ್ಲಿ ಈಗ 1963ರ ಶಾಸನವಿದೆ. ಭೇದವನ್ನು ದಕ್ಷಿಣ ಕನ್ನಡದ ಒಂದು ತೋಟದ ಉದಾಹರಣೆಯಿಂದ ತಿಳಿಯಬಹುದು. ಅಡಿಕೆ ತೋಟಕ್ಕೆ ನೀರು ಬರುವ ತೋಡಿಗೆ ನೆರೆಯವನು ಕಟ್ಟ ಹಾಕಲು ಹೊರಟಿದ್ದಾನೆ. ದಾವೆ ಮುಗಿಯುವವರೆಗೆ ಕಟ್ಟ ಹಾಕಕೂಡದೆಂದರೆ ತಾತ್ಕಾಲಿಕ ತಡೆ. ವಿಚಾರಣೆ ನಡೆದು ವಾದಿಯ ಹಕ್ಕು ಸಿದ್ಧವಾದ ಮೇಲೆ ಎಂದೆಂದಿಗೂ ಹಾಕಕೂಡದೆಂದು ಡಿಕ್ರಿಯಾದರೆ ಶಾಶ್ವತ ತಡೆ. ಕಟ್ಟ ಆಗಲೇ ಎದ್ದಿದ್ದು ಅದನ್ನು ಕಿತ್ತುಹಾಕೆಂದು ಹೇಳಿದರೆ ಅದು ವಿಧಾಯಕ ಆಜ್ಞೆ; ‘ಮಾಡಬೇಡ’ ಎನ್ನುವುದರ ಬದಲು ‘ಮಾಡು’ ಎನ್ನುವುದು. ಈ ಮೂರನೆಯದನ್ನು ಕೋರ್ಟುಗಳು ಯಾವಾಗಲೂ ಹಿಂಜರಿದೇ ಕೊಟ್ಟಿವೆ. ಅದರಲ್ಲಿಯೂ ದಾವೆ ನಡೆಯುತ್ತಿರುವಾಗಲೇ ತಾತ್ಕಾಲಿಕವಾಗಿ ‘ಮಾಡು’ ಎನ್ನಬೇಕಾದರೆ ವಾದಿಯ ಹಕ್ಕು ಸಾಮಾನ್ಯಕ್ಕಿಂತ ಬಲವಾಗಿ ತೋರಬೇಕು, ವಿವಾದಕ್ಕೆ ಮುಂಚೆ ಇದ್ದ ಕೊನೆಯ ನಿರ್ವಿವಾದ ಸ್ಥಿತಿಯನ್ನು ಮರಳಿ ತರುವುದಷ್ಟೇ ಅದರ ಗುರಿಯಾಗಿರಬೇಕು ಎಂದು ಸುಪ್ರೀಂ ಕೋರ್ಟು 1990ರಲ್ಲಿ ಮುಂಬಯಿಯ ಒಂದು ಮನೆಯ ವ್ಯವಹಾರದಲ್ಲಿ ಹೇಳಿದೆ.

ತಾತ್ಕಾಲಿಕ ತಡೆ ಬೇಡುವವನು ಮೂರು ಸಂಗತಿಗಳನ್ನು ತೋರಿಸಬೇಕು: ಮೇಲ್ನೋಟಕ್ಕೆ ತನ್ನ ಪಕ್ಷದಲ್ಲಿ ಹುರುಳಿದೆಯೆಂಬುದು, ತಡೆ ಕೊಡದಿದ್ದರೆ ತನಗಾಗುವ ತೊಂದರೆ ಕೊಟ್ಟರೆ ಎದುರಾಳಿಗಾಗುವ ತೊಂದರೆಗಿಂತ ಹೆಚ್ಚಿನದೆಂಬುದು, ಆಗುವ ನಷ್ಟ ಹಣದಿಂದ ತುಂಬಲಾರದ್ದೆಂಬುದು. ಕೊನೆಯದರಿಂದಲೇ ವಾಣಿಜ್ಯ ಲೋಕದಲ್ಲಿ ತಡೆಯಾಜ್ಞೆ ದುರ್ಲಭ. ಬ್ಯಾಂಕು ಕೊಟ್ಟ ಖಾತರಿಪತ್ರದ ಹಣ ಪಾವತಿಯಾಗದಂತೆ ತಡೆಯಿರೆಂದು ಗುತ್ತಿಗೆದಾರರು ಕೋರ್ಟಿಗೆ ಓಡುವುದು ನಿತ್ಯದ ಸಂಗತಿ. ಘೋರ ವಂಚನೆಯಂಥ ವಿರಳ ಕಾರಣವಿಲ್ಲದಿದ್ದರೆ ಅವರು ಬರಿಗೈಯಲ್ಲಿ ಹಿಂದಿರುಗುವುದೂ ಅಷ್ಟೇ ನಿತ್ಯದ್ದು. ಹಣದ ನಷ್ಟವನ್ನು ಹಣವೇ ತುಂಬೀತೆಂಬುದು ಇದರ ಒಂದು ಕಾರಣ; ಕೊಟ್ಟ ಖಾತರಿಗೆ ಬ್ಯಾಂಕು ಬದ್ಧವಾಗಿರದಿದ್ದರೆ ವ್ಯಾಪಾರದ ನಂಬಿಕೆಯೇ ಉಳಿಯದೆಂಬುದು ಇನ್ನೊಂದು.

ಇದೆಲ್ಲವೂ ನೆರೆಹೊರೆಯವರ ಜಗಳಕ್ಕೆ ಸಾಕು. ಆದರೆ ತೋಡಿಗೆ ಕಟ್ಟ ಹಾಕಲು ಬರುವವನು ಸರಕಾರವೇ ಆದರೆ? ಇಲ್ಲಿ ಬ್ರಿಟಿಷರ ಶಾಸನಗಳು ಬಾಗಿಲನ್ನು ಒಂದಲ್ಲ, ಮೂರು ಅಗುಳಿ ಹಾಕಿ ಭದ್ರಪಡಿಸಿದ್ದುವು. 1877ರ ಶಾಸನದ 56ನೆಯ ಕಲಮು ಸರಕಾರದ ಇಲಾಖೆಗಳ ಸಾರ್ವಜನಿಕ ಕರ್ತವ್ಯಗಳಲ್ಲಿ ಕೈಹಾಕುವಂಥ ತಡೆಯಾಜ್ಞೆಯನ್ನು ಕೊಡಕೂಡದೆಂದು ನಿಷೇಧಿಸಿತ್ತು. ಸರಕಾರದ ಮೇಲೆ ದಾವೆ ಹೂಡುವುದಕ್ಕೆ ಎರಡು ತಿಂಗಳ ಮುಂಚೆ ನೋಟೀಸು ಕೊಡಬೇಕೆಂದು ಸಂಹಿತೆಯ 80ನೆಯ ಕಲಮು ವಿಧಿಸಿತ್ತು. ತಡೆಯಾಜ್ಞೆಯ ದಾವೆಗೂ ಇದರಿಂದ ವಿನಾಯಿತಿ ಇಲ್ಲವೆಂದು ಪ್ರಿವಿ ಕೌನ್ಸಿಲು 1927ರಲ್ಲಿ ತೀರ್ಮಾನಿಸಿತು. ನಾಳೆ ಬೀಳುವ ಮರವನ್ನು ಉಳಿಸಲು ಎರಡು ತಿಂಗಳು ಕಾಯಬೇಕೆಂದ ಹಾಗಾಯಿತು. ಉಳಿದುದು ರಿಟ್ಟಿನ ದಾರಿ. ಗಂಜಾಂ ಜಿಲ್ಲೆಯ ಪರ್ಲಾಕಿಮಿಡಿ ಜಮೀನುದಾರಿಯ ರೈತರು ಕಂದಾಯ ಮಂಡಲಿಯು ತಮ್ಮ ಗೇಣಿಯನ್ನು ನಿಗದಿಮಾಡಿದುದರ ವಿರುದ್ಧ ಮದರಾಸು ಹೈಕೋರ್ಟಿನಲ್ಲಿ ಸರ್ಷಿಯೊರರಿ ರಿಟ್ಟನ್ನು ಬೇಡಿದರು. ಮಂಡಲಿಯ ಕಚೇರಿ ಮದರಾಸು ಪಟ್ಟಣದೊಳಗೇ ಇತ್ತು. ಆದರೂ ರೈತರೂ ಭೂಮಿಯೂ ಪಟ್ಟಣದ ಹೊರಗಿರುವುದರಿಂದ, 1801ರ ಸುಪ್ರೀಂ ಕೋರ್ಟಿಗಿದ್ದ ಎಲ್ಲೆಯನ್ನು ಮೀರಿ ಹೈಕೋರ್ಟು ರಿಟ್ಟನ್ನು ಹೊರಡಿಸಲಾರದೆಂದು ಪ್ರಿವಿ ಕೌನ್ಸಿಲು 1943ರಲ್ಲಿ ಹೇಳಿತು. ಮೂರನೆಯ ಅಗುಳಿಯೂ ಬಿದ್ದಿತು. ಗಂಜಾಮಿನ ರೈತನಿಗೆ ಅನ್ವಯಿಸಿದ ಮಾತು ಉಡುಪಿಯ ಯತಿಗೂ ಅನ್ವಯಿಸುತ್ತಿತ್ತು.

1950ರ ಜನವರಿ 26ರಂದು ಸಂವಿಧಾನದ 226ನೆಯ ಅನುಚ್ಛೇದವು ಈ ಸ್ಥಿತಿಯನ್ನು ಬದಲಾಯಿಸಿತು. ಹೈಕೋರ್ಟಿನ ರಿಟ್ಟು ಅದರ ಅಧಿಕಾರವ್ಯಾಪ್ತಿಯ ಇಡೀ ಪ್ರದೇಶಕ್ಕೆ, ಸರಕಾರಕ್ಕೂ ಸಹ, ಮುಟ್ಟುವಂತಾಯಿತು. ಅದರ ಪ್ರಯೋಜನವನ್ನು ಮೊದಮೊದಲು ಪಡೆದವರಲ್ಲಿ ಶೀರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥ ಸ್ವಾಮಿಗಳು ಒಬ್ಬರು.

ಆ ವ್ಯವಹಾರದ ಹಿನ್ನೆಲೆಯು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿಯೇ ಸವಿಸ್ತರವಾಗಿದೆ. ಉಡುಪಿಯ ಅಷ್ಟಮಠಗಳ ಯತಿಗಳು ಎರಡೆರಡು ವರ್ಷದ ಸರದಿಯಲ್ಲಿ ಶ್ರೀಕೃಷ್ಣನ ಪೂಜಾಧಿಕಾರವನ್ನು ವಹಿಸಿಕೊಳ್ಳುತ್ತಾರೆ. ಹದಿನಾರು ವರ್ಷಕ್ಕೊಮ್ಮೆ ಬರುವ ಆ ಪರ್ಯಾಯದಲ್ಲಿ ಬಂದವರಿಗೆಲ್ಲ ಊಟ ಹಾಕುವುದು ಕಟ್ಟಳೆ. ಸ್ವಾಮಿಗಳು 1919ರಲ್ಲಿ ಇನ್ನೂ ಅಪ್ರಾಪ್ತವಯಸ್ಕರಾಗಿದ್ದಾಗ ಪೀಠವೇರಿ, 1926ರ ಸುಮಾರಿಗೆ ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಮಠವು ಸಾಲದಲ್ಲಿ ಮುಳುಗಿತ್ತು. 1930ರೊಳಗೆ ಅದರ ಬಹುಭಾಗ ತೀರಿತು. 1931ರಲ್ಲಿ ಪರ್ಯಾಯ ಬಂದಿತು, ಮತ್ತೆ ಸಾಲ. ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ 1946ರ ಎರಡನೆಯ ಪರ್ಯಾಯ. ಯುದ್ಧಾನಂತರದ ಅಭಾವ, ಏರಿದ ಬೆಲೆ. ಸಾಲವು ಒಂದು ಲಕ್ಷ ರೂಪಾಯಿಯ ಸಮೀಪಕ್ಕೆ ಹೋಯಿತು. ಆಗ 1927ರ ಶಾಸನದ ಮೇರೆಗೆ ನಡೆಯುತ್ತಿದ್ದ ಮದರಾಸಿನ ಹಿಂದೂ ಧರ್ಮಾದಾಯ ಮಂಡಲಿಯು ನಡುವೆ ಪ್ರವೇಶಿಸಿ, ಒಬ್ಬ ಸಮರ್ಥ ವ್ಯವಸ್ಥಾಪಕನನ್ನು ನೇಮಿಸಿಕೊಳ್ಳಬೇಕೆಂದು ಸೂಚಿಸಿತು. 1948ರ ಡಿಸೆಂಬರ್ 24ರಂದು ಸ್ವಾಮಿಗಳು ಒಬ್ಬ ಏಜೆಂಟನಿಗೆ ಅಧಿಕಾರಪತ್ರ ಬರೆದುಕೊಟ್ಟರು. ಅವನು ಲೆಕ್ಕ ಒಪ್ಪಿಸಲಿಲ್ಲ, ತನ್ನ ಮಾತನ್ನೇ ನಡೆಸಿದನು ಎಂಬುದು ಸ್ವಾಮಿಗಳ ದೂರು. 1950ರ ಸೆಪ್ಟೆಂಬರ್ 26ರಂದು ನೋಟೀಸು ಕೊಟ್ಟು ಅಧಿಕಾರವನ್ನು ಹಿಂದಕ್ಕೆ ತೆಗೆದುಕೊಂಡರು, ಅವನು ಒಪ್ಪಲಿಲ್ಲ.

ಇಲ್ಲಿಂದ ಮುಂದೆ ಸ್ವಾಮಿಗಳು ಹಿಡಿದ ಎರಡು ದಾರಿಗಳು ನಮ್ಮ ವಿಷಯಕ್ಕೆ ಮುಖ್ಯವಾದುವು. 1950ರ ಅಕ್ಟೋಬರ್ 4ರಂದು ದಕ್ಷಿಣ ಕನ್ನಡದ ಸಬ್‌ಕೋರ್ಟಿನಲ್ಲಿ ಏಜೆಂಟನ ಮೇಲೆ ದಾವೆ ಹೂಡಿ, ಲೆಕ್ಕದ ಪುಸ್ತಕಗಳನ್ನು ಕೊಡಿಸಬೇಕು, ರದ್ದಾದ ಅಧಿಕಾರಪತ್ರದ ನೆವದಿಂದ ಅವನು ಮಠದ ವ್ಯವಹಾರದಲ್ಲಿ ಕೈಹಾಕದಂತೆ ತಡೆಯಾಜ್ಞೆ ಕೊಡಬೇಕು ಎಂದು ಕೇಳಿದರು. ಇದು ವ್ಯಕ್ತಿಯನ್ನು ವ್ಯಕ್ತಿ ತಡೆಯುವ ಸಾಮಾನ್ಯ ಇಂಜಂಕ್ಷನ್ನು. 1950ರ ಮುಂಚೆಯೂ ದೊರೆಯುತ್ತಿದ್ದುದು. ಆದರೆ ಅಷ್ಟರಲ್ಲಿ ಮಂಡಲಿಯು ಮಠಕ್ಕೊಂದು ಆಡಳಿತ ಯೋಜನೆಯನ್ನೇ ರಚಿಸಲು ನಡಾವಳಿ ಆರಂಭಿಸಿತು. ಏಜೆಂಟನನ್ನು ತಡೆದರೂ ಮಂಡಲಿಯನ್ನು ತಡೆದಂತಾಗದು. ಆದ್ದರಿಂದ ಸ್ವಾಮಿಗಳು ಮದರಾಸು ಹೈಕೋರ್ಟಿಗೆ ಬಂದು ಪ್ರತಿಷೇಧ ರಿಟ್ಟನ್ನು ಬೇಡಿದರು. ಪ್ರತಿಷೇಧವು ತಡೆಯಾಜ್ಞೆಯ ದಾಯಾದಿ. ತಡೆಯಾಜ್ಞೆ ಕಕ್ಷಿಗಾರನಿಗೆ ಹೇಳುವುದು. ಪ್ರತಿಷೇಧವು ವಿಚಾರಣೆ ನಡೆಸುವ ಅಧಿಕಾರಸ್ಥಾನಕ್ಕೇ, ನಿನಗಿಲ್ಲದ ಅಧಿಕಾರವನ್ನು ಚಲಾಯಿಸಬೇಡವೆಂದು ಹೇಳುವುದು. ಅರ್ಜಿ ಇತ್ಯರ್ಥವಾಗುವ ಮೊದಲೇ 1951ರ ಆಗಸ್ಟ್ 27ರಂದು ಹೊಸ ಧರ್ಮಾದಾಯ ಶಾಸನ ಜಾರಿಗೆ ಬಂದು ಮಂಡಲಿಯ ಸ್ಥಾನದಲ್ಲಿ ಕಮಿಷನರು ಬಂದರು. ಅರ್ಜಿಯೂ ಅದಕ್ಕೆ ತಕ್ಕಂತೆ ತಿದ್ದುಪಡಿಯಾಗಿ ಹೊಸ ಶಾಸನದ ಕಲಮುಗಳನ್ನೇ ಎದುರಿಸಿತು. ಚಿದಂಬರದ ದೀಕ್ಷಿತರ ಅರ್ಜಿಯೂ ಇದರ ಜೊತೆಗೆ ವಿಚಾರಣೆಗೆ ಬಂದಿತು. ನ್ಯಾಯಮೂರ್ತಿಗಳಾದ ಸತ್ಯನಾರಾಯಣ ರಾವ್ ಮತ್ತು ರಾಜಗೋಪಾಲನ್ ಅವರು 1951ರ ಡಿಸೆಂಬರ್ 13ರಂದು ಸ್ವಾಮಿಗಳ ಪರವಾಗಿ ತೀರ್ಪು ಕೊಟ್ಟರು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 1954ರ ಮಾರ್ಚ್ 16ರಂದು ಕಮಿಷನರ ಅಪೀಲನ್ನು ವಜಾ ಮಾಡಿತು.

ಬಿ. ಕೆ. ಮುಖರ್ಜಿಯವರು ಬರೆದ ಆ ತೀರ್ಪು ಧಾರ್ಮಿಕ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಸುಂಕಕ್ಕೂ ತೆರಿಗೆಗೂ ಇರುವ ಭೇದವನ್ನು ಹೇಳಿದುದರಿಂದ ತೆರಿಗೆಯ ವಕೀಲರೂ ಅದನ್ನು ಎಂದಿಗೂ ಬಿಡರು. ಪ್ರಸ್ತುತಕ್ಕೆ ಬೇಕಾದುದು ಬೇರೊಂದು ಅಂಶ. ಕಮಿಷನರು ಬೇಕೆಂದಾಗ ವ್ಯವಸ್ಥಾಪಕನನ್ನು ನೇಮಿಸೆನ್ನಬಹುದು, ಮಠಾಧಿಪತಿಯು ನೇಮಿಸದಿದ್ದರೆ ತಾವೇ ನೇಮಿಸಬಹುದು ಎಂದಿದ್ದ 56ನೆಯ ಕಲಮು ಬಿದ್ದುಹೋದ ಕಲಮುಗಳಲ್ಲೊಂದು. ಜಗಳವು ಹುಟ್ಟಿದುದೇ ಒಬ್ಬ ವ್ಯವಸ್ಥಾಪಕನಿಂದ. ಹೈಕೋರ್ಟು ನಡಾವಳಿಯನ್ನು ತಡೆದು ನಿಲ್ಲಿಸದೆ ಇದ್ದಿದ್ದರೆ, ಆ ಎರಡು ವರ್ಷಗಳಲ್ಲಿ ಮಠಕ್ಕೆ ಯೋಜನೆಯೂ ವ್ಯವಸ್ಥಾಪಕನೂ ಬಂದು ಕುಳಿತು, 1954ರ ಹೊತ್ತಿಗೆ ಗೆಲುವು ಕಾಗದದ ಮೇಲೆ ಮಾತ್ರ ಉಳಿಯುತ್ತಿತ್ತು. ತಡೆಯ ನಿಜವಾದ ಕೆಲಸ ಇದು: ತೀರ್ಪು ಬರುವ ಹೊತ್ತಿಗೆ ತೀರ್ಪಿಗೆ ವಿಷಯವಾದ ವಸ್ತು ಉಳಿದಿರುವಂತೆ ನೋಡಿಕೊಳ್ಳುವುದು.

ಇದೇ ಜಿಲ್ಲೆಯ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ವ್ಯವಹಾರವನ್ನು ಹೋಲಿಕೆಗೆ ನೋಡಬಹುದು. 1947ರ ಮದರಾಸು ದೇವಾಲಯ ಪ್ರವೇಶ ಶಾಸನವು ತಮ್ಮ ದೇವಸ್ಥಾನಕ್ಕೆ ಅನ್ವಯಿಸದೆಂದು ಘೋಷಿಸಬೇಕೆಂದು ಗೌಡ ಸಾರಸ್ವತ ಧರ್ಮದರ್ಶಿಗಳು 1949ರಲ್ಲಿ ದಾವೆ ಹೂಡಿದರು. ಘೋಷಣೆಯೆಂಬುದು ಇರುವುದನ್ನು ಇದೆಯೆಂದು ಹೇಳುವ ಡಿಕ್ರಿ. ಅದು ಯಾರ ಕೈಯನ್ನೂ ಹಿಡಿಯದು. 1957ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ದೇವಸ್ಥಾನವು ಒಂದು ಪಂಗಡಕ್ಕೆ ಸೇರಿದುದೆಂಬುದು ಸಿದ್ಧವಾದರೂ, ದೇವಾಲಯಗಳನ್ನು ಎಲ್ಲ ಹಿಂದೂಗಳಿಗೆ ತೆರೆಯುವ ಶಾಸನದ ಅಧಿಕಾರವೇ ಮೇಲೆಂದಾಯಿತು. ಕೆಲವು ವಿಶೇಷ ಸೇವೆಗಳ ಕಾಲವಷ್ಟೇ ಪಂಗಡಕ್ಕೆ ಉಳಿಯಿತು. ಹಾಗೆಯೇ ಆಗಬೇಕಾದುದು ನ್ಯಾಯ. ಬಾಗಿಲ ಹೊರಗೆ ನಿಂತವರನ್ನು ಇನ್ನಷ್ಟು ಕಾಲ ಹೊರಗೆ ನಿಲ್ಲಿಸುವುದಕ್ಕೆ ತಡೆಯಾಜ್ಞೆ ಸಾಧನವಾಗಬಾರದು. ಇಷ್ಟರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ, ಮದರಾಸು ಸರಕಾರದ ಮೇಲೆ ಹೂಡಿದ ದಾವೆಯು ತೀರ್ಪಿನ ದಿನ ಮೈಸೂರು ರಾಜ್ಯದ ಹೆಸರಿನಲ್ಲಿ ದಾಖಲಾಗಿತ್ತೆಂಬುದು ಒಂದು ಸ್ವಾರಸ್ಯ.

ರಿಟ್ಟಿನ ಬಾಗಿಲು ತೆರೆದ ಕೂಡಲೆ ಅದರ ದುರುಪಯೋಗವೂ ಮೊದಲಾಯಿತು. 80ನೆಯ ಕಲಮಿನ ಎರಡು ತಿಂಗಳು ಕಳೆದು ದಾವೆ ಹೂಡುವವರೆಗೆ ಸರಕಾರವನ್ನು ತಡೆದಿಡಿರೆಂದು ಗಣಿ ಗುತ್ತಿಗೆದಾರರು ಒರಿಸ್ಸಾ ಹೈಕೋರ್ಟಿನಲ್ಲಿ ಬೇಡಿದರು. ಹೈಕೋರ್ಟು ಹಾಗೆಯೇ ಕೊಟ್ಟಿತು. ಸುಪ್ರೀಂ ಕೋರ್ಟು 1951ರಲ್ಲಿ ಅದನ್ನು ತಳ್ಳಿಹಾಕಿ, ಮಧ್ಯಂತರ ಪರಿಹಾರವು ಮುಖ್ಯ ಪರಿಹಾರಕ್ಕೆ ಸಹಾಯಕವಾಗಿ ಮಾತ್ರ ಇರಬಹುದು, ತಾನೇ ಮುಖ್ಯವಾಗಕೂಡದು ಎಂದು ವಿಧಿಸಿತು. ಈ ಒಂದು ವಾಕ್ಯವು ಮುಂದಿನ ಕಥೆಗೆಲ್ಲ ಒರೆಗಲ್ಲು. ಹೊರಜಿಲ್ಲೆಯ ಕೋರ್ಟುಗಳ ವಿಚಾರವೂ ಹೀಗೆಯೇ ಇತ್ಯರ್ಥವಾಯಿತು. 39ನೆಯ ಆರ್ಡರಿನಲ್ಲಿ ಹೇಳದ ಸಂದರ್ಭದಲ್ಲಿ ತಾತ್ಕಾಲಿಕ ತಡೆ ಕೊಡುವ ಅಂತರ್ಗತ ಅಧಿಕಾರ ಆ ಕೋರ್ಟುಗಳಿಗಿಲ್ಲವೆಂದು ಮದರಾಸು ಹೈಕೋರ್ಟು 1926ರಿಂದ ಹಲವು ತೀರ್ಪುಗಳಲ್ಲಿ ಹೇಳುತ್ತ ಬಂದಿತ್ತು. ಆಸನ್ಸೋಲಿನ ಕೋರ್ಟೊಂದು ಇಂದೋರಿನಲ್ಲಿ ದಾವೆ ಮುಂದುವರಿಸದಂತೆ ಒಬ್ಬನನ್ನು ತಡೆದ ವ್ಯವಹಾರದಲ್ಲಿ, 1961ರಲ್ಲಿ ಸುಪ್ರೀಂ ಕೋರ್ಟಿನ ಬಹುಮತವು ಆ ಅಧಿಕಾರವಿದೆಯೆಂದು ನಿರ್ಣಯಿಸಿತು. ಆದರೆ ಆ ವ್ಯವಹಾರದಲ್ಲಿ ಅದನ್ನು ಬಳಸಿದುದು ಸರಿಯಲ್ಲವೆಂದೂ ಹೇಳಿತು. ಪಟ್ಟಣದ ಪ್ರಜೆಗೂ ಹಳ್ಳಿಯ ಪ್ರಜೆಗೂ ಇದ್ದ ನೂರಾರು ವರ್ಷದ ಭೇದ ಅಳಿಯಿತು. 1963ರ ಶಾಸನವು ಸರಕಾರದ ಕರ್ತವ್ಯಗಳ ಕುರಿತಾದ ಹಳೆಯ ನಿಷೇಧವನ್ನು ಬಿಟ್ಟುಬಿಟ್ಟಿತು. 1976ರ ತಿದ್ದುಪಡಿಯು ತುರ್ತಿನಲ್ಲಿ ನೋಟೀಸಿಲ್ಲದೆ ದಾವೆಗೆ ಅನುಮತಿ ಕೊಟ್ಟಿತು. ಅಗುಳಿಗಳೆಲ್ಲ ತೆರೆದುವು.

ಇನ್ನು ಕಾವೇರಿ. ಅಲ್ಲಿನ ಮೊದಲ ತಡೆ ಕೋರ್ಟಿನಿಂದ ಬಂದುದಲ್ಲ, ಕರಾರಿನಿಂದ ಬಂದುದು. 1892ರ ಫೆಬ್ರವರಿ 18ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ನಿಗದಿಯಾದ ನದಿಗಳ ಮೇಲೆ ಮದರಾಸು ಸರಕಾರದ ಪೂರ್ವಾನುಮತಿಯಿಲ್ಲದೆ ಹೊಸ ನೀರಾವರಿ ಕಾಮಗಾರಿಯನ್ನು ಕಟ್ಟಕೂಡದು. ಕನ್ನಂಬಾಡಿಯ ಕಟ್ಟೆಗಾಗಿ 1910ರ ನಂತರ ಎದ್ದ ವಿವಾದ, 1914ರ ಗ್ರಿಫಿನ್ ಅವರ ಪಂಚಾಯಿತಿ ತೀರ್ಪು, ಅದನ್ನು ಒಪ್ಪದೆ ಮದರಾಸು ಮಾಡಿದ ಅಪೀಲು, ಕೊನೆಗೆ 1924ರ ಫೆಬ್ರವರಿ 18ರ ಒಪ್ಪಂದ, ಇವು ವಾಚಕರಿಗೆ ತಿಳಿದ ಕಥೆ. 1974ಕ್ಕೆ ಐವತ್ತು ವರ್ಷ ತುಂಬಿತು. 1990ರ ಜೂನ್ 2ರಂದು ಸುಪ್ರೀಂ ಕೋರ್ಟಿನ ಆದೇಶದ ಮೇಲೆ ನ್ಯಾಯಮಂಡಲಿ ರಚಿತವಾಯಿತು.

ತಮಿಳುನಾಡು ಮಧ್ಯಂತರ ಪರಿಹಾರ ಬೇಡಿತು. ಅದನ್ನು ಕೊಡುವ ಅಧಿಕಾರವೇ ತನಗಿಲ್ಲವೆಂದು ನ್ಯಾಯಮಂಡಲಿಯು 1991ರ ಜನವರಿ 5ರಂದು ಹೇಳಿತು. ಸುಪ್ರೀಂ ಕೋರ್ಟು ಏಪ್ರಿಲ್ 26ರಂದು ಆ ಮಾತನ್ನು ತಿದ್ದಿ, ಬೇಡಿಕೆಯನ್ನು ವಿಚಾರಿಸಬೇಕೆಂದಿತು. ಜೂನ್ 25ರಂದು ಪ್ರಸಿದ್ಧವಾದ ಮಧ್ಯಂತರ ಆದೇಶ ಬಂದಿತು: ಜೂನಿನಿಂದ ಮೇ ತಿಂಗಳವರೆಗಿನ ಜಲವರ್ಷದಲ್ಲಿ ಮೆಟ್ಟೂರಿಗೆ 205 ಶತಕೋಟಿ ಘನ ಅಡಿ ನೀರು ಮುಟ್ಟುವಂತೆ ಕರ್ನಾಟಕವು ತಿಂಗಳ ಲೆಕ್ಕದಲ್ಲಿ ಬಿಡಬೇಕು, ಅದರಲ್ಲಿ 6 ಪುದುಚೇರಿಯ ಕಾರೈಕಲ್ಲಿಗೆ, ಕರ್ನಾಟಕವು ತನ್ನ ನೀರಾವರಿಯನ್ನು 11.2 ಲಕ್ಷ ಎಕರೆಯ ಆಚೆಗೆ ಹೆಚ್ಚಿಸಕೂಡದು. ಹೆಸರು ಏನೇ ಇರಲಿ, ಸ್ವರೂಪದಲ್ಲಿ ಇದರ ಮೊದಲ ಭಾಗ ವಿಧಾಯಕ ಆಜ್ಞೆ, ಎರಡನೆಯ ಭಾಗ ನಿಷೇಧಕ ತಡೆ. ಎರಡೂ ಒಂದೇ ಕಾಗದದಲ್ಲಿ, ಎರಡೂ ಸಾರ್ವಭೌಮಪ್ರಾಯವಾದ ಒಂದು ರಾಜ್ಯದ ಮೇಲೆ. ಕನ್ನಡಿಗರಿಗೆ ಎರಡನೆಯದರಲ್ಲಿ 1892ರ ದನಿ ಕೇಳಿಸಿತೆಂದರೆ ಆಶ್ಚರ್ಯವಲ್ಲ.

205ರ ಅಂಕಿಯು ಬಂದುದು ಹಿಂದಿನ ಹತ್ತು ವರ್ಷಗಳಲ್ಲಿ ಮೆಟ್ಟೂರಿಗೆ ಹರಿದ ನೀರಿನ ಸರಾಸರಿಯಿಂದ. ಅತಿವೃಷ್ಟಿಯ, ಅನಾವೃಷ್ಟಿಯ ಅಸಾಮಾನ್ಯ ವರ್ಷಗಳನ್ನು ಲೆಕ್ಕದಿಂದ ಬಿಡಲಾಗಿತ್ತು. ಇದ್ದ ಸ್ಥಿತಿಯನ್ನು ಇದ್ದಂತೆ ಕಾಯುವುದು ಮಧ್ಯಂತರ ಆಜ್ಞೆಯ ಧರ್ಮವಾದುದರಿಂದ ಸರಾಸರಿಯನ್ನು ಹಿಡಿದುದರಲ್ಲಿ ತಪ್ಪಿಲ್ಲ. ತಂಜಾವೂರಿನ ಕುರುವೈ ಬೆಳೆಯ ರೈತನು ಜೂನ್ 12ರಂದು ಮೆಟ್ಟೂರಿನ ಬಾಗಿಲು ತೆರೆಯುವುದನ್ನೇ ಎದುರುನೋಡುವವನು. ಅವನ ನಷ್ಟವೂ ತುಂಬಲಾರದ ನಷ್ಟವೇ. ತೊಡಕು ಇದ್ದುದು ಬೇರೆಡೆ. ಬರಗಾಲದ ವರ್ಷಗಳನ್ನು ಬಿಟ್ಟು ಮಾಡಿದ ಲೆಕ್ಕವನ್ನು ಬರಗಾಲದ ವರ್ಷಕ್ಕೂ ಅನ್ವಯಿಸಬೇಕಾಗಿ ಬಂದಾಗ ಕೊರತೆಯನ್ನು ಹೇಗೆ ಹಂಚಬೇಕೆಂಬ ಸೂತ್ರ ಆದೇಶದಲ್ಲಿರಲಿಲ್ಲ. ಒಂದೆರಡು ವರ್ಷ ನಡೆಯಬೇಕಾದ ವ್ಯವಸ್ಥೆಗೆ ಇದು ದೊಡ್ಡ ದೋಷವಲ್ಲ. ದೀರ್ಘಕಾಲ ನಡೆದರೆ ಮಾರಕ.

ಕರ್ನಾಟಕವು 1991ರ ಜುಲೈ 25ರಂದು ಆದೇಶವನ್ನು ನಿಷ್ಫಲಗೊಳಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ರಾಷ್ಟ್ರಪತಿಗಳು ಅದರ ಸಿಂಧುತ್ವದ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಪ್ಪಿಸಿದರು. ನ್ಯಾಯನಿರ್ಣಯವನ್ನು ಶಾಸನದಿಂದ ಅಳಿಸಲಾಗದು, ಮಧ್ಯಂತರ ಆದೇಶವೂ ನಿರ್ಣಯವೇ, ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬೇಕು ಎಂದು ನವೆಂಬರ್ 22ರಂದು ಅಭಿಪ್ರಾಯ ಬಂದಿತು. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಎದುರು ಹೇಳುವುದು ಕಷ್ಟ. ಡಿಸೆಂಬರಿನಲ್ಲಿ ಗೆಜೆಟ್ಟು ಹೊರಬಿದ್ದ ಬೆನ್ನಿಗೇ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸೆ ನಡೆಯಿತು. ತಮಿಳುನಾಡಿನಲ್ಲಿ ಕನ್ನಡಿಗರು ಅದರ ಪ್ರತೀಕಾರವನ್ನು ಅನುಭವಿಸಿದರು. ಕೋರ್ಟಿನ ಆಜ್ಞೆಯು ಸರಕಾರಗಳಿಗೆ ಮಾಡಿದುದು. ಅದರ ಪೆಟ್ಟು ಬಿದ್ದುದು ಗಡಿಯ ಆಚೆ ಈಚೆ ಅಂಗಡಿ ಇಟ್ಟುಕೊಂಡವರ ಮೇಲೆ.

ಈಗ ಮೂರನೆಯ ಪ್ರಶ್ನೆ: ಎಲ್ಲಿಯವರೆಗೆ? ಶೀರೂರಿನ ವ್ಯವಹಾರವು ದಾವೆಯಿಂದ ಅಂತಿಮ ತೀರ್ಪಿನವರೆಗೆ ಮೂರೂವರೆ ವರ್ಷದೊಳಗೆ ಮುಗಿಯಿತು. ಕಾವೇರಿಯ ಅಂತಿಮ ಐತೀರ್ಪು ಬಂದುದು 2007ರ ಫೆಬ್ರವರಿ 5ರಂದು. ಅದು ಗೆಜೆಟ್ಟಿನಲ್ಲಿ ಪ್ರಕಟವಾದುದು 2013ರ ಫೆಬ್ರವರಿ 19ರಂದು. ಹೀಗೆ ‘ಮಧ್ಯಂತರ’ವೆಂಬುದು ಇಪ್ಪತ್ತೊಂದು ವರ್ಷಗಳಿಗೆ ಮೇಲ್ಪಟ್ಟು ಬಾಳಿತು. 1991ರಲ್ಲಿ ಹುಟ್ಟಿದ ಮಗುವು ಮತದಾರನಾಗಿ ಮೂರು ವರ್ಷ ಕಳೆದಿತ್ತು. ಆ ನಡುವೆ 1995ರಲ್ಲಿಯೂ 2002ರಲ್ಲಿಯೂ ಮಳೆ ಕೈಕೊಟ್ಟಿತು. 1998ರಲ್ಲಿ ಪ್ರಧಾನಮಂತ್ರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ ರಚಿತವಾಯಿತು. 2002ರಲ್ಲಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ಆದೇಶ ಪಾಲಿಸದುದಕ್ಕಾಗಿ ಸುಪ್ರೀಂ ಕೋರ್ಟಿನಲ್ಲಿ ಕ್ಷಮೆ ಯಾಚಿಸಬೇಕಾಯಿತು. ಅಂತಿಮ ತೀರ್ಪಿನಲ್ಲಿ ಕರ್ನಾಟಕವು ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192 ಶತಕೋಟಿ ಘನ ಅಡಿ ಎಂದಾಯಿತು; 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದನ್ನು 177.25ಕ್ಕೆ ಇಳಿಸಿತು. ಅಳತೆಯ ಸ್ಥಳ ಬೇರೆಯಾದುದರಿಂದ 205ರೊಡನೆ ಇವನ್ನು ನೇರವಾಗಿ ಕಳೆದು ನೋಡುವಂತಿಲ್ಲ. ಆದರೂ ಮಧ್ಯಂತರದ ಅಂಕಿಯು ಅಂತಿಮದ ಅಂಕಿಯಲ್ಲವೆಂಬುದು ಇಷ್ಟರಿಂದ ಸ್ಪಷ್ಟ. ಆ ವ್ಯತ್ಯಾಸದ ನೀರು ಇಪ್ಪತ್ತೊಂದು ವರ್ಷಗಳಲ್ಲಿ ಹರಿದುಹೋದುದು ಹಿಂದಕ್ಕೆ ಬಾರದು.

ಸಾಮಾನ್ಯ ದಾವೆಗಳಲ್ಲಿ ಈ ರೋಗಕ್ಕೆ ಮದ್ದು ಹುಡುಕದೆ ಇಲ್ಲ. 1976ರ ತಿದ್ದುಪಡಿಯು ಎದುರಾಳಿಯನ್ನು ಕೇಳದೆ ತಡೆ ಕೊಟ್ಟರೆ ಕಾರಣ ಬರೆಯಬೇಕು, ಮೂವತ್ತು ದಿನಗಳೊಳಗೆ ಆ ಅರ್ಜಿಯನ್ನು ಮುಗಿಸಲು ಯತ್ನಿಸಬೇಕು ಎಂದು ವಿಧಿಸಿತು. ಕೇವಿಯಟ್ ಹಾಕಿ ಕಾದುಕೊಳ್ಳುವ ಅವಕಾಶವನ್ನೂ ಕೊಟ್ಟಿತು. ಮೂವತ್ತು ದಿನದ ನಿಯಮವನ್ನು ಕೋರ್ಟಿನ ಆವರಣದಲ್ಲಿ ನೆನೆದು ನಗುವವರೇ ಹೆಚ್ಚು. 2018ರಲ್ಲಿ ಸುಪ್ರೀಂ ಕೋರ್ಟು, ವಿಚಾರಣೆಯನ್ನು ನಿಲ್ಲಿಸಿದ ಯಾವ ಸ್ಟೇಯಾದರೂ ಕಾರಣ ಬರೆದು ಮುಂದುವರಿಸದಿದ್ದರೆ ಆರು ತಿಂಗಳಿಗೆ ತಾನಾಗಿ ಬಿದ್ದುಹೋಗುವುದೆಂದು ನಿರ್ಣಯಿಸಿತು. ತಪ್ಪು ಕೋರ್ಟಿನ ವಿಳಂಬದ್ದಾಗಿ ಶಿಕ್ಷೆ ಕಕ್ಷಿಗಾರನಿಗಾಗುವುದೆಂದು ಕಂಡು, 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಪೀಠವು ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಹಿಂದಕ್ಕೆ ತೆಗೆದುಕೊಂಡುದು ನ್ಯಾಯವೇ ಸರಿ. ಆದರೆ ರೋಗ ಹಾಗೆಯೇ ಉಳಿದಿದೆ.

ಅಂತಿಮ ಐತೀರ್ಪು ಗೆಜೆಟ್ಟಿನಲ್ಲಿ ಬಂದ ಮೇಲೂ ಅಪೀಲುಗಳು ಬಾಕಿಯಿದ್ದುವು. ಮಧ್ಯಂತರ ಆದೇಶಗಳ ಕಾಲ ಮುಗಿದಿರಲಿಲ್ಲ. 2016ರ ಸೆಪ್ಟೆಂಬರ್ 5ರಂದು ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಆದೇಶವಾಯಿತು. 12ರಂದು ಅದು 12,000ಕ್ಕೆ ಇಳಿದು 20ನೆಯ ತಾರೀಕಿನವರೆಗೆ ವಿಸ್ತಾರವಾಯಿತು. ಆ 12ರಂದೇ ಬೆಂಗಳೂರಿನಲ್ಲಿ ಬಸ್ಸುಗಳು ಉರಿದುವು. ಅದೇ ದಿನ ಬೆಳಗಿನ ಜಾವ ಚೆನ್ನೈಯ ರಾಧಾಕೃಷ್ಣನ್ ಸಾಲೈಯಲ್ಲಿ, ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರು ಕಟ್ಟಿ ಬೆಳಸಿದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲು ಬಾಂಬುಗಳು ಬಿದ್ದುವು. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತಾನು ಮಾಡಿದ ಹಂಚಿಕೆಯನ್ನು ಹದಿನೈದು ವರ್ಷ ಬದಲಿಸಕೂಡದೆಂದು ವಿಧಿಸಿದೆ. ಆ ಅವಧಿಯು 2033ರ ಫೆಬ್ರವರಿಗೆ ತೀರುತ್ತದೆ.